ಪ್ರಾಸ್ಟೇಟ್‌ನ ಸ್ಮಾಲ್ ಸೆಲ್ ಕ್ಯಾನ್ಸರ್: ಹೊರಗಿನ ರೇಡಿಯೇಷನ್ ಸಾಕೇ, ಬ್ರಾಕಿಥೆರಪಿಯೂ ಬೇಕೇ?

ಸ್ಮಾಲ್ ಸೆಲ್ ಎಂದರೆ ಪ್ರಾಸ್ಟೇಟ್ ಗ್ರಂಥಿಯ ಅಪರೂಪದ, ಬೇಗ ಬೆಳೆಯುವ ಕ್ಯಾನ್ಸರ್; ಬ್ರಾಕಿಥೆರಪಿ (ಬ್ರಾಕಿ) ಎಂದರೆ ಗ್ರಂಥಿಯ ಒಳಗಿಂದಲೇ ಕೊಡುವ ರೇಡಿಯೇಷನ್. ರೋಗ ದೂರಕ್ಕೆ ಹರಡಿಲ್ಲವೆಂದಾದರೆ ಮಾತ್ರ ಈ ಪ್ರಶ್ನೆ. ಯಾವುದನ್ನು ಆರಿಸಿದರೂ ಸಿಸ್‌ಪ್ಲಾಟಿನ್ ಇಲ್ಲವೇ ಕಾರ್ಬೋಪ್ಲಾಟಿನ್ ಜೊತೆ ಎಟೊಪೊಸೈಡ್ ಕೀಮೋ ತಪ್ಪದು: ಸಾಮಾನ್ಯವಾಗಿ 21 ದಿನಕ್ಕೊಂದರಂತೆ 4ರಿಂದ 6 ಸುತ್ತು.

ಹೊರಗಿನದು ಮಾತ್ರವಾದರೆ ಚಾಲ್ತಿಯ ಒಂದು ಲೆಕ್ಕ 20 ಸಿಟ್ಟಿಂಗ್‌ಗೆ ಒಟ್ಟು 60 ಗ್ರೇ (ರೇಡಿಯೇಷನ್ ಡೋಸ್‌ನ ಅಳತೆ), ನಾಲ್ಕು ವಾರ. ಪ್ರತಿದಿನ ಮೂತ್ರ ಮಾಡಿ, ಅರ್ಧ ಲೀಟರ್ ನೀರು ಕುಡಿದು, ಮುಕ್ಕಾಲು ಗಂಟೆ ಕಾಯಬೇಕು; ಮೂತ್ರಕೋಶ ತುಂಬದಿದ್ದರೆ ಕರುಳು ಕಿರಣದ ದಾರಿಗೆ ಇಳಿಯುತ್ತದೆ. ಬ್ರಾಕಿ ಸೇರಿದರೆ ಬೆನ್ನಿಗೆ ಅರಿವಳಿಕೆ, ಸೂಜಿಗಳ ಮೂಲಕ ಒಂದೇ ಸಲ 15 ಗ್ರೇ. ಹೊರಗಿನ ಡೋಸ್ ಇಳಿಯುತ್ತದೆ. ಮೂತ್ರದ ಉರಿ, ತಡೆ ಹೆಚ್ಚು. ಬ್ರಾಕಿಯ ಲಾಭದ ಲೆಕ್ಕವೂ ಬಂದಿರುವುದು ಸಾಮಾನ್ಯ ಬಗೆಯ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ, ಸ್ಮಾಲ್ ಸೆಲ್‌ನಿಂದಲ್ಲ!

ಮೂತ್ರ ಈಗಾಗಲೇ ಕಟ್ಟುತ್ತಿದ್ದರೆ ಹೊರಗಿನದೇ ಮೇಲು. ಗ್ರಂಥಿ ಚಿಕ್ಕದು, ಕೀಮೋಗೆ ಗೆಡ್ಡೆ ಚೆನ್ನಾಗಿ ಕುಗ್ಗಿದೆ ಎಂದಾದರೆ ಬ್ರಾಕಿ ಬಗ್ಗೆ ಕೇಳಿ. ಪಿಎಸ್‌ಎ (ಪ್ರಾಸ್ಟೇಟ್‌ಗಾಗಿ ರಕ್ತದಲ್ಲಿ ಅಳೆಯುವ ಪ್ರೋಟೀನ್) ಕಮ್ಮಿ ಬಂತೆಂದು ಸ್ಕ್ಯಾನ್ ಬಿಡಬೇಡಿ. ಈ ಗೆಡ್ಡೆ ಅದನ್ನು ಹೆಚ್ಚಿಸದೆಯೇ ಬೆಳೆಯುತ್ತದೆ.