ರಶೀದಿಯೋ ರಸೀದಿಯೋ: ಲಿಬ್ರೆಆಫೀಸ್ ರೈಟರಿನಲ್ಲಿ ಕೈಪಿಡಿ ತಿದ್ದಿದ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣಗಳ ನಡುವೆ ಈ ಮಳೆಗಾಲ ಬೇರೆಯೇ ಕೆಲಸ ಬಂತು: ಒಂದು ಸಹಕಾರಿ ಸಂಘದ ಲೆಕ್ಕದ ಸಾಫ್ಟ್‌ವೇರಿನ ಕನ್ನಡ ಕೈಪಿಡಿ ತಿದ್ದಿಕೊಡುವುದು. 84 ಪುಟ.

ಕಾರಣ ಇಷ್ಟೇ. ತಪ್ಪಿ ಹೊಡೆದ ರಶೀದಿಯನ್ನು ರದ್ದು ಮಾಡುವುದು ಹೇಗೆಂದು ಕೌಂಟರಿನ ಹುಡುಗಿ ಕೈಪಿಡಿಯಲ್ಲಿ ಹುಡುಕಿದ್ದಾಳೆ. ಪರದೆಯ ಬಟನ್ನಿನಲ್ಲಿ 'ರಶೀದಿ' ಎಂದಿತ್ತು, ಅದನ್ನೇ ಟೈಪ್ ಮಾಡಿದಳು, ಸಿಗಲಿಲ್ಲ. ಆ ಅಧ್ಯಾಯ ಬರೆದವರು 'ರಸೀದಿ' ಎಂದು ಬರೆದಿದ್ದರು. ಅಡಿಕೆ ತಂದವರು ಸಾಲಿನಲ್ಲಿ ನಿಂತೇ ಇದ್ದರು.

ನಮ್ಮ ಮಾಷ್ಟ್ರಲ್ಲಿ ಕೇಳಿದೆ. "ಪಾರಸಿಯ ರಸೀದ್‌ನಿಂದ ಬಂದ ಶಬ್ದ, ಸಕಾರವೇ ಸರಿ" ಎಂದರು. ನಿಜ. ಆದರೆ ಎಷ್ಟೋ ಮಂದಿ ಬರೆಯುವುದು ಶಕಾರ, ಬಟನ್ನಿನಲ್ಲಿರುವುದೂ ಅದೇ. ಕೈಪಿಡಿಯಲ್ಲಿ ಪರದೆಯ ಮಾತೇ ನಡೆಯಬೇಕು. ಓದುವವರ ಕಣ್ಣು ಪುಟಕ್ಕೂ ಪರದೆಗೂ ಓಡಾಡುತ್ತಲೇ ಇರುತ್ತದೆ. ಹಾಗೆಂದು ಹೇಳಿದಾಗ, "ಸರಿ, ನನ್ನ ರಸೀದಿಯನ್ನೂ ಎಲ್ಲಾದರೂ ಒಂದು ಕಡೆ ಇಡು ಮಾರಾಯ್ತಿ" ಎಂದರು. ಇಟ್ಟಿದ್ದೇನೆ. ಕೊನೆಯ ಪದಸೂಚಿಯಲ್ಲಿ 'ರಸೀದಿ: ರಶೀದಿ ನೋಡಿ'. ಇನ್ನು ಯಾವುದನ್ನು ಹುಡುಕಿದರೂ ದಾರಿ ಸಿಗುತ್ತದೆ.

ತಿದ್ದಲು ಬಳಸಿದ್ದು ಲಿಬ್ರೆಆಫೀಸ್ ರೈಟರ್ ಎಂಬ ಬರವಣಿಗೆಯ ಸಾಫ್ಟ್‌ವೇರ್. ಕಾಸು ಕೊಡಬೇಕಿಲ್ಲ. ಕನ್ನಡದ ಕಾಗುಣಿತ ನಿಘಂಟು ಹಾಕಿಕೊಂಡ ಮೇಲೆ ನಮ್ಮದೇ ಪದಪಟ್ಟಿ ಮಾಡಬಹುದು. ಬೇಡದ ಪದಗಳಿಗೂ ಅದರಲ್ಲಿ ಪ್ರತ್ಯೇಕ ಪಟ್ಟಿ ಉಂಟು. ಅಲ್ಲಿ 'ರಸೀದಿ' ಹಾಕಿ, ಬದಲಿಗೆ 'ರಶೀದಿ' ಎಂದು ಕೊಟ್ಟರೆ, ರಸೀದಿ ಕಂಡಲ್ಲೆಲ್ಲ ಕೆಂಪು ಗೆರೆ ಎಳೆಯುತ್ತದೆ, ರೈಟ್ ಕ್ಲಿಕ್ ಮಾಡಿದರೆ ರಶೀದಿ ಎಂದು ತೋರಿಸುತ್ತದೆ. ಎರಡೂ ಬಳಕೆಯಲ್ಲಿರುವಾಗ ಒಂದನ್ನು ಹಿಡಿದು ನಡೆಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟುತ್ತದಲ್ಲ, ರಸೀದಿಯ, ರಸೀದಿಗೆ, ರಸೀದಿಯಲ್ಲಿ ಎಂದು ಒಂದೊಂದನ್ನೂ ಹಾಕುತ್ತಾ ಒಂದಿಡೀ ಸಂಜೆ ಕೂತೆ.

'ಪಾಸ್‌ವರ್ಡ್' ಇನ್ನೂ ಸೂಕ್ಷ್ಮ. ಸಕಾರಕ್ಕೆ ವಕಾರ ಒತ್ತಾಗಿ ಅಂಟದಂತೆ ನಡುವೆ ಕಾಣದ ಅಕ್ಷರವೊಂದು ಕೂರುತ್ತದೆ. ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಅದರ ಸಂಖ್ಯೆ 200ಸಿ. ಅದಿಲ್ಲದಿದ್ದರೆ 'ಪಾಸ್ವರ್ಡ್'. ರೈಟರಿನ ಹುಡುಕಾಟದಲ್ಲಿ, ಪದದ ಬದಲು ಮಾದರಿ ಕೊಟ್ಟು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಆನ್ ಮಾಡಿ, ಪದದ ನಡುವೆ ಆ ಅಕ್ಷರದ ಸಂಕೇತವನ್ನೂ ಅದರ ಬೆನ್ನಿಗೇ ಪ್ರಶ್ನೆ ಚಿಹ್ನೆಯನ್ನೂ (ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದರ್ಥ) ಕೊಟ್ಟರೆ ಎರಡೂ ಒಟ್ಟಿಗೆ ಸಿಗುತ್ತವೆ.

ಊರ ಹೆಸರುಗಳನ್ನು ಮಾತ್ರ ಯಾವ ಪಟ್ಟಿಗೂ ಬಿಡಲಿಲ್ಲ. ಶಾಖೆಗಳ ಪುಟದಲ್ಲಿ ಕಾಞಂಗಾಡ್, ಕಾಞಂಗಾಡು, ಹೊಸದುರ್ಗ ಮೂರೂ ಇದ್ದವು. ಮೊದಲಿನ ಎರಡು ಒಂದೇ ಊರು. ಮೂರನೆಯದು ತಾಲೂಕಿನ ಹೆಸರು, ಕೆಲವರು ಊರಿಗೂ ಅದನ್ನೇ ಹೇಳುತ್ತಾರೆ. ಸಂಘದ ಕಾರ್ಯದರ್ಶಿಯವರ ಎದುರು ಕೂತು, ಎಲ್ಲಿ ಊರು, ಎಲ್ಲಿ ತಾಲೂಕು ಎಂದು ಒಂದೊಂದಕ್ಕೇ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಸಿಕೊಂಡು ಬಂದೆ.