ದೊಡ್ಡವರಿಲ್ಲದ ದ್ವೀಪ: ತರಗತಿಯಲ್ಲಿ ಓದಿ ನೋಡಿದ ಮೂರು ಕಾದಂಬರಿ, ಒಂದು ನಿಜಸಂಗತಿ

ಶಾಲಾ ಸಂಸತ್ತಿನ ಚುನಾವಣೆ ಹತ್ತಿರ ಬಂದಾಗ ನಾಯಕನಿಗೆ ಇರಬೇಕಾದ ಗುಣಗಳನ್ನು ಕುರಿತು ಮಕ್ಕಳಿಗೆ ಭಾಷಣ ಮಾಡುವುದು ಎಲ್ಲ ಶಾಲೆಗಳಲ್ಲಿಯೂ ನಡೆದುಬಂದ ಪದ್ಧತಿ. ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ತೀರದ ಮಕ್ಕಳಿಗೆ ಪಾಠ ಹೇಳುವ ನಾನು, ಆ ಭಾಷಣದ ಬದಲು, ದೊಡ್ಡವರಿಲ್ಲದ ದ್ವೀಪದಲ್ಲಿ ಸಿಕ್ಕಿಕೊಂಡ ಮಕ್ಕಳ ಕಥೆಗಳನ್ನು ಎಂಟನೇ ಮತ್ತು ಒಂಬತ್ತನೇ ತರಗತಿಗಳಲ್ಲಿ ಬೇರೆ ಬೇರೆ ವರ್ಷ ಕನ್ನಡದಲ್ಲಿ ಹೇಳಿ, ನಡುನಡುವೆ ನಿಲ್ಲಿಸಿ, ಚರ್ಚೆಗೆ ಬಿಟ್ಟು ನೋಡಿದ್ದೇನೆ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಶೀಲಹಳ್ಳಿಯ ಸೇತುವೆ ಮುಳುಗಿ ನಡುಗಡ್ಡೆಯ ಜನರ ಓಡಾಟ ನಿಲ್ಲುವುದನ್ನು ಕಂಡು ಕೇಳಿ ಬೆಳೆದ ಮಕ್ಕಳು ಇವರು. ಸಂಪರ್ಕ ಕಡಿದುಹೋಗುವುದು ಎಂದರೇನು ಎಂದು ಇವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಿ ಯಾವ ಕಥೆ ತರಗತಿಯಲ್ಲಿ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದು ಬೇಗ ತಿಳಿಯುತ್ತದೆ.

ಮೊದಲನೆಯದು ಬ್ಯಾಲಂಟೈನ್ ಬರೆದ ‘ದ ಕೋರಲ್ ಐಲೆಂಡ್’. 1850ರ ದಶಕದ ಕೊನೆಯಲ್ಲಿ ಬಂದ ಈ ಕಾದಂಬರಿಯಲ್ಲಿ ಜಾಕ್, ರಾಲ್ಫ್, ಪೀಟರ್ಕಿನ್ ಎಂಬ ಮೂವರು ಹುಡುಗರಿದ್ದಾರೆ. ಹದಿನೆಂಟರ ಜಾಕ್ ಎಲ್ಲರಿಗಿಂತ ದೊಡ್ಡವನಾದ್ದರಿಂದ ಮುಂದಾಳುತನ ತಾನಾಗಿಯೇ ಅವನಿಗೆ ಒಲಿಯುತ್ತದೆ, ಉಳಿದಿಬ್ಬರು ಅದನ್ನು ಪ್ರಶ್ನಿಸುವುದಿಲ್ಲ. ಸಾಕಬೇಕಾದ ಸಣ್ಣ ಮಕ್ಕಳಿಲ್ಲ, ಪ್ರತಿಸ್ಪರ್ಧಿಯಿಲ್ಲ. ಕೆಡುಕೆಲ್ಲ ಕಡಲ್ಗಳ್ಳರ ಮತ್ತು ದ್ವೀಪವಾಸಿಗಳ ರೂಪದಲ್ಲಿ ಹೊರಗಿನಿಂದಲೇ ಬರುತ್ತದೆ. ಆ ದ್ವೀಪವಾಸಿಗಳನ್ನು ಚಿತ್ರಿಸಿರುವ ರೀತಿಯಲ್ಲಿ ಅಂದಿನ ಸಾಮ್ರಾಜ್ಯದ ಅಹಂಕಾರ ತುಂಬಿಕೊಂಡಿದೆ. ಸಾಹಸದ ಕಥೆಯಾಗಿ ಮಕ್ಕಳು ಇದನ್ನು ಸಂತೋಷದಿಂದ ಕೇಳುತ್ತಾರೆ, ಆದರೆ ಚರ್ಚೆಗೆ ಬಿಟ್ಟಾಗ ಆಡಲು ಮಾತೇ ಸಿಗುವುದಿಲ್ಲ. ನನ್ನ ಉದ್ದೇಶಕ್ಕೆ ಇದು ಒದಗಲಿಲ್ಲ.

ಜೂಲ್ಸ್ ವರ್ನ್ 1888ರಲ್ಲಿ ಪ್ರಕಟಿಸಿದ ‘ಟೂ ಇಯರ್ಸ್ ವೆಕೇಶನ್’ ಹಾಗಲ್ಲ. ಆಕ್ಲೆಂಡಿನ ಒಂದು ವಸತಿ ಶಾಲೆಯ ಹದಿನಾಲ್ಕು ವಿದ್ಯಾರ್ಥಿಗಳು ಮತ್ತು ಮೋಕೋ ಎಂಬ ಹಡಗಿನ ಕಪ್ಪು ಹುಡುಗ, ನಾವಿಕರಿಲ್ಲದ ಹಡಗಿನಲ್ಲಿ ತೇಲಿಹೋಗಿ, ಜನವಸತಿಯಿಲ್ಲದ ದ್ವೀಪವೊಂದಕ್ಕೆ ಬಂದು ಬೀಳುತ್ತಾರೆ. ಇವರಲ್ಲಿ ತೀರ ಸಣ್ಣವರಿಗೆ ಎಂಟು ವರ್ಷ, ದೊಡ್ಡವರಿಗೆ ಹದಿನಾಲ್ಕು. ಮೊದಲು ಅಮೆರಿಕದ ಗಾರ್ಡನ್, ಅವನ ಅವಧಿ ಮುಗಿದ ಮೇಲೆ ಫ್ರೆಂಚ್ ಹುಡುಗ ಬ್ರಿಯಾನ್ ನಾಯಕನಾಗಿ ಆಯ್ಕೆಯಾಗುತ್ತಾನೆ. ನಾಯಕನಿಗೆ ಅವಧಿಯೊಂದು ಗೊತ್ತಾಗಿದೆ ಎಂಬುದೇ ನಮ್ಮ ಮಕ್ಕಳಿಗೆ ದೊಡ್ಡ ವಿಷಯವಾಗಿ ಕಂಡಿತು. ಗಾರ್ಡನ್ ಮಾಡುವ ಕೆಲಸಗಳಲ್ಲಿ ಆಕರ್ಷಣೆಯೇನೂ ಇಲ್ಲ. ಹಡಗಿನಲ್ಲಿ ಉಳಿದ ಸಾಮಾನುಗಳ ಪಟ್ಟಿ ಮಾಡುತ್ತಾನೆ, ದಾಸ್ತಾನು ಎಷ್ಟು ದಿನಕ್ಕೆ ಬರುತ್ತದೆಂದು ಲೆಕ್ಕ ಹಾಕುತ್ತಾನೆ, ದೊಡ್ಡವರು ಸಣ್ಣವರಿಗೆ ಪಾಠ ಹೇಳಬೇಕೆಂದು ವೇಳಾಪಟ್ಟಿ ಹಾಕುತ್ತಾನೆ. ಈ ಭಾಗವನ್ನು ಮಕ್ಕಳು ಬೇಸರಪಟ್ಟುಕೊಂಡು ಕೇಳಬಹುದೆಂದು ಭಾವಿಸಿದರೆ ಅದು ತಪ್ಪಾಗುತ್ತದೆ. ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ ದಿನವೂ ಕಣ್ಣೆದುರು ನಡೆಯುವುದನ್ನು ನೋಡುವ ಮಕ್ಕಳು, ಹದಿನೈದು ಮಂದಿಗೆ ಎಷ್ಟು ಬೇಕು, ಚಳಿಗಾಲಕ್ಕೆ ಎಷ್ಟು ತೆಗೆದಿಡಬೇಕು ಎಂದು ಕಪ್ಪುಹಲಗೆಯ ಮೇಲೆ ತಾವೇ ಬರೆದು ತೋರಿಸಿದರು.

ಈ ಕಾದಂಬರಿಯಲ್ಲಿಯೂ ಒಡಕು ಬರುತ್ತದೆ. ಗುರಿಗಾರನೂ ಗರ್ವಿಷ್ಠನೂ ಆದ ಡೋನಿಫನ್, ಬ್ರಿಯಾನನ ಆಯ್ಕೆಯನ್ನು ಸಹಿಸಲಾಗದೆ ಮೂವರನ್ನು ಕರೆದುಕೊಂಡು ದ್ವೀಪದ ಇನ್ನೊಂದು ಕಡೆಗೆ ಹೊರಟುಹೋಗುತ್ತಾನೆ. ಆದರೆ ಬೇಟೆಗಾರ ಹೋದನೆಂದು ಗುಂಪಿನ ಊಟ ನಿಲ್ಲುವುದಿಲ್ಲ, ಏಕೆಂದರೆ ಉಗ್ರಾಣ, ಮೀನು, ಅಡುಗೆ, ಇವೆಲ್ಲ ಬೇರೆ ಬೇರೆಯವರ ಕೈಯಲ್ಲಿವೆ. ದ್ವೀಪದಲ್ಲಿ ದುಷ್ಟರು ಬಂದಿಳಿದಿರುವುದು ಗೊತ್ತಾದಾಗ ಬ್ರಿಯಾನ್ ತಾನೇ ಹುಡುಕಿಕೊಂಡು ಹೋಗಿ, ಜಾಗ್ವಾರಿನ ಬಾಯಿಂದ ಡೋನಿಫನ್‌ನನ್ನು ಉಳಿಸಿ ಕರೆತರುತ್ತಾನೆ. ದುಷ್ಟರು ಎಲ್ಲಿ ಬೀಡುಬಿಟ್ಟಿದ್ದಾರೆಂದು ನೋಡಲು ದೊಡ್ಡ ಗಾಳಿಪಟವೊಂದನ್ನು ಕಟ್ಟಿ, ರಾತ್ರಿಯಲ್ಲಿ ಅದರಲ್ಲಿ ಕುಳಿತು ಮೇಲೇರುವವನೂ ಅವನೇ. ಅಪಾಯದ ಕೆಲಸಕ್ಕೆ ನಾಯಕ ಬೇರೆಯವರನ್ನು ಕಳುಹಿಸಬೇಕೋ ತಾನೇ ಹೋಗಬೇಕೋ ಎಂದು ಕೇಳಿದಾಗ ತರಗತಿ ಎರಡು ಪಾಲಾಯಿತು. ನಾಯಕ ಸತ್ತರೆ ಉಳಿದವರ ಗತಿಯೇನು ಎಂದು ವಾದಿಸಿದವರ ಮಾತಿನಲ್ಲಿ ತೂಕವಿತ್ತು.

ವರ್ನ್‌ನ ಕೃತಿಯ ದೊಡ್ಡ ಕಳಂಕವೊಂದನ್ನು ಮಕ್ಕಳೇ ಹಿಡಿದರು. ಮತ ಹಾಕುವಾಗ ಎಂಟು ವರ್ಷದವನಿಗೂ ಹಕ್ಕಿದೆ, ಆದರೆ ಕಪ್ಪು ಬಣ್ಣದವನೆಂಬ ಕಾರಣಕ್ಕೆ ಮೋಕೋನಿಗೆ ಇಲ್ಲ. ಲೇಖಕ ಇದನ್ನು ಸಹಜವೆಂಬಂತೆ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. “ಅಡಿಗಿ ಮಾಡಾಕ ಅವ ಬೇಕು, ಓಟ್ ಹಾಕಾಕ ಬ್ಯಾಡೇನ್ರಿ ಸರ್?” ಎಂದು ಹಿಂದಿನ ಸಾಲಿನಿಂದ ಹುಡುಗಿಯೊಬ್ಬಳು ಕೇಳಿದಳು. ನಮ್ಮ ಭಾಗದ ಮಕ್ಕಳಿಗೆ ಈ ಪ್ರಶ್ನೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ದಿನದ ಚರ್ಚೆ ಗಂಟೆ ಹೊಡೆದ ಮೇಲೂ ಮುಂದುವರಿಯಿತು. ಈ ಭಾಗವನ್ನು ಬಿಟ್ಟು ಕಥೆ ಹೇಳುವುದು ಸುಲಭ. ಹಾಗೆ ಮಾಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನು ವಿಲಿಯಂ ಗೋಲ್ಡಿಂಗ್ 1954ರಲ್ಲಿ ಪ್ರಕಟಿಸಿದ ‘ಲಾರ್ಡ್ ಆಫ್ ದ ಫ್ಲೈಸ್’. ಗೋಲ್ಡಿಂಗ್ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿದ್ದವರು, ಆಮೇಲೆ ಸಾಲ್ಸ್‌ಬರಿಯ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದವರು. ಯುದ್ಧವನ್ನೂ ತರಗತಿಯನ್ನೂ ಕಂಡವರು ಬರೆದ ಪುಸ್ತಕವಿದು ಎಂಬುದು ಪುಟಪುಟದಲ್ಲಿಯೂ ತಿಳಿಯುತ್ತದೆ. ಬ್ಯಾಲಂಟೈನನ ಹುಡುಗರ ಹೆಸರುಗಳಾದ ರಾಲ್ಫ್, ಜಾಕ್ ಇಲ್ಲಿಯೂ ಬರುತ್ತವೆ, ಆದರೆ ಇಲ್ಲಿ ಕೆಡುಕಿಗೆ ಹೊರಗಿನಿಂದ ಯಾರೂ ಬರಬೇಕಾಗಿಲ್ಲ. ಶಂಖ ಹಿಡಿದವನಿಗೆ ಮಾತನಾಡುವ ಹಕ್ಕು ಎಂಬ ನಿಯಮವಿದೆ, ಹಡಗಿನವರಿಗೆ ಕಾಣುವಂತೆ ಬೆಟ್ಟದ ಮೇಲೆ ಹೊಗೆ ಎಬ್ಬಿಸುವ ಬೆಂಕಿಯಿದೆ, ಕೈ ಎತ್ತಿ ಆರಿಸಿದ ನಾಯಕ ರಾಲ್ಫ್ ಕೂಡ ಇದ್ದಾನೆ. ಎಲ್ಲ ಇದ್ದೂ ಕೆಡುತ್ತದೆ. ಏಕೆ ಕೆಡುತ್ತದೆ ಎಂದು ಕೇಳಿದರೆ, ಮನುಷ್ಯನ ಒಳಗಿನ ಮೃಗ ಎಂಬ ಉತ್ತರ ಎಲ್ಲರ ಬಾಯಲ್ಲಿಯೂ ಸಿದ್ಧವಾಗಿರುತ್ತದೆ. ತರಗತಿಯಲ್ಲಿ ಆ ಉತ್ತರದಿಂದ ಏನೂ ಪ್ರಯೋಜನವಾಗುವುದಿಲ್ಲ, ಏಕೆಂದರೆ ಅದರ ಮುಂದೆ ಮಾಡಬೇಕಾದದ್ದು ಏನೂ ಉಳಿಯುವುದಿಲ್ಲ.

ಕಥೆಯನ್ನು ವರ್ನ್‌ನ ಪಕ್ಕದಲ್ಲಿಟ್ಟು ಓದಿದಾಗ ಬೇರೆ ಕಾರಣಗಳು ಕಣ್ಣಿಗೆ ಬೀಳುತ್ತವೆ. ಇರುವ ಮೂರು ಗುಡಿಸಲುಗಳಲ್ಲಿ ಮೊದಲನೆಯದನ್ನು ಎಲ್ಲರೂ ಸೇರಿ ಕಟ್ಟಿದರು, ಎರಡನೆಯದಕ್ಕೆ ನಾಲ್ವರು ಬಂದರು, ಮೂರನೆಯದಕ್ಕೆ ರಾಲ್ಫ್ ಮತ್ತು ಸೈಮನ್ ಇಬ್ಬರೇ. ಶಾಲೆಯ ಕೈತೋಟಕ್ಕೆ ಪಾತಿ ಮಾಡಿದ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಗೊತ್ತಿರುವ ವಿಷಯ ಇನ್ನೊಂದಿಲ್ಲ. ಸಭೆಯಲ್ಲಿ ನಿರ್ಣಯವಾಗುತ್ತದೆ, ಯಾರು ಯಾವಾಗ ಮಾಡಬೇಕೆಂಬುದು ಮಾತ್ರ ಆಗುವುದಿಲ್ಲ. ಬೆಂಕಿ ಕಾಯಬೇಕಾದವರು ಬೇಟೆಗೆ ಹೋದಾಗಲೇ ಹಡಗು ಹಾದುಹೋಗುತ್ತದೆ. ಮುಂದೆ ಬೇಟೆಗಾರರ ಮುಂದಾಳಾದ ಜಾಕ್, ‘ರಾಲ್ಫ್ ನಾಯಕನಾಗಿರಬಾರದು ಎನ್ನುವವರು ಕೈ ಎತ್ತಿರಿ’ ಎಂದು ಸಭೆಯಲ್ಲಿ ಕೇಳಿದಾಗ ಒಬ್ಬನೂ ಎತ್ತುವುದಿಲ್ಲ, ಆಮೇಲೆ ಒಬ್ಬೊಬ್ಬರಾಗಿ ಸದ್ದಿಲ್ಲದೆ ಜಾಕ್‌ನ ಕಡೆಗೆ ಜಾರಿಕೊಳ್ಳುತ್ತಾರೆ. ಮಾಂಸ ಅವನ ಕೈಯಲ್ಲಿದೆ. ಸ್ವತಃ ರಾಲ್ಫ್ ಮತ್ತು ಅವನ ಜೊತೆಗಾರ ಪಿಗ್ಗಿ ಸಹ ಜಾಕ್‌ನ ಔತಣಕ್ಕೆ ಹೋಗಿ ತಿನ್ನುತ್ತಾರೆ, ಸೈಮನ್‌ನ ಕೊಲೆಯಾಗುವುದು ಅದೇ ರಾತ್ರಿ. ಡೋನಿಫನ್ ಹೋದಾಗ ಕೆಡದ ಗುಂಪು, ಜಾಕ್ ಹೋದಾಗ ಕೆಡುವುದಕ್ಕೆ ಕಾರಣ ಈ ಹುಡುಗರ ಸ್ವಭಾವಕ್ಕಿಂತ ಹೆಚ್ಚಾಗಿ ಅನ್ನ ಯಾರ ಕೈಯಲ್ಲಿತ್ತು ಎಂಬುದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಅದಕ್ಕಿಂತ ದೊಡ್ಡ ಕಾರಣವೊಂದಿದೆ. ಎಲ್ಲರ ಹೆಸರು ಬರೆದುಕೊಳ್ಳೋಣ ಎಂದು ಪಿಗ್ಗಿ ಮೊದಲ ದಿನವೇ ಹೊರಡುತ್ತಾನೆ, ಆದರೆ ಅವನ ಮಾತಿಗೆ ಯಾರೂ ಬೆಲೆ ಕೊಡುವುದಿಲ್ಲ. ಮೊದಲ ಬೆಂಕಿ ಕಾಡಿಗೆ ಹಬ್ಬಿದಾಗ, ಮುಖದ ಮೇಲೆ ದೊಡ್ಡ ಮಚ್ಚೆಯಿದ್ದ ಪುಟ್ಟ ಹುಡುಗನೊಬ್ಬ ಕಾಣೆಯಾಗುತ್ತಾನೆ. ಅವನ ಹೆಸರು ಯಾರಿಗೂ ತಿಳಿಯದು, ಕಾದಂಬರಿಯಲ್ಲಿಯೂ ಬರುವುದಿಲ್ಲ. ಕೊನೆಗೆ ನೌಕಾಪಡೆಯ ಅಧಿಕಾರಿ ಬಂದು ನೀವು ಎಷ್ಟು ಮಂದಿ ಇದ್ದೀರಿ ಎಂದು ಕೇಳಿದಾಗ ರಾಲ್ಫ್ ಗೊತ್ತಿಲ್ಲವೆಂದು ತಲೆಯಾಡಿಸಬೇಕಾಗುತ್ತದೆ. “ಹಾಜರಿ ಯಾಕ ತಗೊಳ್ಳಲಿಲ್ರಿ ಅವ್ರು?” ಎಂದು ಕೇಳಿದ ಒಂಬತ್ತನೇ ತರಗತಿಯ ಹುಡುಗ, ಆ ಕಾದಂಬರಿಯನ್ನು ಕುರಿತು ನಾನು ಕೇಳಿದ ಮಾತುಗಳಲ್ಲೆಲ್ಲ ಮುಖ್ಯವಾದದ್ದನ್ನು ಆಡಿದ. ಗುಂಪಿನಲ್ಲಿ ತೀರ ಸಣ್ಣವನು ಎಲ್ಲಿದ್ದಾನೆಂದು ತಿಳಿಯದ ನಾಯಕನ ಕೈಯಲ್ಲಿ ಶಂಖವಿದ್ದರೂ ಅದು ಊದುವುದಕ್ಕೆ ಮಾತ್ರ. ಗಾರ್ಡನ್‌ನ ಪಟ್ಟಿಗಳಿಗೆ ಬೆಲೆ ಬರುವುದು ಇದನ್ನು ಓದಿದ ಮೇಲೆಯೇ.

ಕಥೆಗಳ ಜೊತೆಗೆ ನಿಜಸಂಗತಿಯೊಂದನ್ನೂ ಸೇರಿಸಿಕೊಂಡೆ. 1965ರಲ್ಲಿ ಟೋಂಗಾ ದೇಶದ ಆರು ಹುಡುಗರು ವಸತಿ ಶಾಲೆಯಿಂದ ತಪ್ಪಿಸಿಕೊಂಡು ದೋಣಿಯೊಂದನ್ನು ಹೇಳದೆ ಕೇಳದೆ ತೆಗೆದುಕೊಂಡು ಹೊರಟು, ಬಿರುಗಾಳಿಗೆ ಸಿಕ್ಕಿ, ಆಟಾ ಎಂಬ ನಿರ್ಜನ ದ್ವೀಪವನ್ನು ಸೇರಿದರು. ಒಂದು ವರ್ಷಕ್ಕೂ ಮೀರಿ ಅಲ್ಲಿದ್ದ ಅವರನ್ನು 1966ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಪೀಟರ್ ವಾರ್ನರ್ ಕಂಡು ಕರೆತಂದರು. ಇಬ್ಬಿಬ್ಬರಂತೆ ಸರದಿಯ ಮೇಲೆ ತೋಟ, ಅಡುಗೆ, ಕಾವಲು ನೋಡಿಕೊಂಡಿದ್ದರು, ಹಚ್ಚಿದ ಬೆಂಕಿಯನ್ನು ಆರಗೊಡಲಿಲ್ಲ. ಜಗಳವಾದರೆ ಜಗಳವಾಡಿದವರು ಸಿಟ್ಟು ಇಳಿಯುವ ತನಕ ದೂರ ದೂರ ಹೋಗಿ ಇರಬೇಕಾಗಿತ್ತು. ಒಬ್ಬನ ಕಾಲು ಮುರಿದಾಗ ಕಟ್ಟಿಗೆ ಕಟ್ಟಿ ಕೂಡಿಸಿ, ವಾಸಿಯಾಗುವವರೆಗೆ ಅವನ ಪಾಲಿನ ಕೆಲಸವನ್ನು ಉಳಿದವರು ಮಾಡಿದರು. ಇದನ್ನು ಮುಂದಿಟ್ಟು ಗೋಲ್ಡಿಂಗ್ ಸುಳ್ಳು ಎಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಆರು ಮಂದಿ ಮೊದಲೇ ಗೆಳೆಯರು, ಒಂದೇ ಶಾಲೆಯವರು, ಒಟ್ಟಿಗೆ ಹೊರಟವರು. ಗೋಲ್ಡಿಂಗನ ಕಥೆಯಲ್ಲಿರುವಂತೆ ಆರು ವರ್ಷದ ಅಪರಿಚಿತ ಮಕ್ಕಳ ಹಿಂಡು ಅಲ್ಲಿ ಇರಲಿಲ್ಲ. ಆದರೂ ಸರದಿ ಎಂಬ ಸರಳ ಏರ್ಪಾಡು ಏನನ್ನು ಸಾಧಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಂತೆ ಇಲ್ಲ.

ಹೀಗಾಗಿ ಈಗ ಎಂಟನೆಯವರಿಗೆ ವರ್ನ್‌ನ ಕಥೆಯನ್ನು ಮೋಕೋನ ಪ್ರಸಂಗ ಸಹಿತ ಹೇಳುತ್ತೇನೆ, ಬೆನ್ನಿಗೇ ಆಟಾ ದ್ವೀಪದ ಸಂಗತಿಯನ್ನು ತಿಳಿಸುತ್ತೇನೆ. ಗೋಲ್ಡಿಂಗನ್ನು ಒಂಬತ್ತನೆಯವರಿಗೆ ಮಾತ್ರ ಹೇಳುವುದು, ಅದೂ ವರ್ನ್‌ನನ್ನು ಕೇಳಿ ಬಂದವರಿಗೆ. ಸೈಮನ್ ಮತ್ತು ಪಿಗ್ಗಿಯರ ಸಾವು ಮಕ್ಕಳ ಮನಸ್ಸಿಗೆ ಬಹಳ ಹತ್ತುತ್ತದೆ, ಆದ್ದರಿಂದ ಆ ಭಾಗಗಳನ್ನು ಓದಿದ ದಿನ ಬೇರೆ ಪಾಠಕ್ಕೆ ಹೋಗದೆ ಅವರ ಜೊತೆ ಕುಳಿತು ಮಾತನಾಡಲು ಸಮಯ ಇಟ್ಟುಕೊಳ್ಳಬೇಕು. ಈ ಎಲ್ಲ ಗುಂಪುಗಳಲ್ಲಿಯೂ ಇರುವವರು ಹುಡುಗರೇ ಎಂಬುದು ಹುಡುಗಿಯರ ಆಕ್ಷೇಪ, ಅದು ನ್ಯಾಯವಾದದ್ದು. ನಡುಗಡ್ಡೆಯಲ್ಲಿ ಹುಡುಗಿಯರೇ ಸಿಕ್ಕಿಕೊಂಡಂತೆ ಕಥೆ ಬರೆಯಲು ಹೇಳಿದಾಗ, ಹೆಚ್ಚಿನವರು ಮೊದಲ ಪುಟದಲ್ಲಿಯೇ ಕುಡಿಯುವ ನೀರು ತರುವವರು ಯಾರು, ರಾತ್ರಿ ಸಣ್ಣವರ ಪಕ್ಕದಲ್ಲಿ ಮಲಗುವವರು ಯಾರು ಎಂದು ಹೆಸರು ಹಿಡಿದು ಬರೆದರು, ನಾಯಕಿಯ ಆಯ್ಕೆ ಅದರ ನಂತರ ಬಂತು.