‘ಕಾಡುಗೇರು’ ಸಸಿಯನ್ನು ಮನೆಯಂಗಳಕ್ಕೆ ತರುವ ಮುನ್ನ

ತಿನ್ನುವ ಬೀಜ ಕೊಡುವ ಊರಿನ ಮರಗಳನ್ನು ಹಿತ್ತಿಲಿನಲ್ಲಿ ಬೆಳೆಸಬೇಕೆಂಬ ಆಸೆ ಉಡುಪಿ, ಮಂಗಳೂರಿನ ಕಡೆ ಈಗ ಹಲವರಿಗಿದೆ. ಆ ಆಸೆಯನ್ನೇ ಬಂಡವಾಳ ಮಾಡಿಕೊಂಡ ಹೆದ್ದಾರಿ ಬದಿಯ ನರ್ಸರಿಯೊಂದರಿಂದ ಮಣಿಪಾಲದ ಸಮೀಪದ ನಮ್ಮ ಮನೆಗೆ ‘ಕಾಡುಗೇರು, ಹಣ್ಣೂ ಬೀಜವೂ ತಿನ್ನಲು ಬರುತ್ತದೆ’ ಎಂಬ ಚೀಟಿ ಹೊತ್ತು ಬಂದ ಸಸಿ ಸೆಮೆಕಾರ್ಪಸ್ ಅನಾಕಾರ್ಡಿಯಮ್, ಅಂದರೆ ಆಯುರ್ವೇದದವರು ಭಲ್ಲಾತಕ ಎಂದು ಕರೆಯುವ ಕರಿಗೇರು. ಚೀಟಿಯ ಮಾತು ಸುಳ್ಳೇನಲ್ಲ. ಮಾಗಿದಾಗ ಕಿತ್ತಳೆ ಬಣ್ಣಕ್ಕೆ ತಿರುಗುವ ರಸಭರಿತ ಭಾಗವನ್ನು ತಿನ್ನುತ್ತಾರೆ. ಸಂಸ್ಕರಿಸಿದರೆ ಬೀಜದ ತಿರುಳನ್ನೂ ತಿನ್ನಬಹುದು. ಆದರೆ ಕಪ್ಪು ಬೀಜದ ಸಿಪ್ಪೆಯ ಎಣ್ಣೆಯೂ ಮರದ ಸೊನೆಯೂ ಚರ್ಮವನ್ನು ಸುಡುವಂಥವು ಎಂಬುದನ್ನು ಅಲ್ಲಿ ಯಾರೂ ಹೇಳಲಿಲ್ಲ. ಹಿಂದೆ ಅಗಸರು ಬಟ್ಟೆಗೆ ಅಳಿಸಲಾಗದ ಗುರುತು ಹಾಕುತ್ತಿದ್ದುದು ಇದೇ ಎಣ್ಣೆಯಿಂದ.

ಮರ ಬೆಳೆದು ಗೆಲ್ಲುಗಳು ವಿದ್ಯುತ್ ತಂತಿಯತ್ತ ಚಾಚಿದಾಗ ಅವನ್ನು ಸವರಲು ಬಂದವರ ಮುಂಗೈಗೆ ಸೊನೆ ತಾಗಿತು. ನೋಡುತ್ತಿದ್ದಂತೆ ಗಾಳಿಗೆ ಕಪ್ಪಾಗಿ, ಸಾಬೂನು ಹಚ್ಚಿ ಉಜ್ಜಿದರೂ ಹೋಗದ ಕಲೆಯಾಯಿತು. ಆ ದಿನ ಉರಿಯಾಗಲಿ ತುರಿಕೆಯಾಗಲಿ ಇರಲಿಲ್ಲ. ಮರುದಿನ ಸಂಜೆ ತುರಿಕೆ ಶುರುವಾದಾಗ ಕಂಬಳಿಹುಳು ತಾಗಿರಬೇಕೆಂದೇ ಎಲ್ಲರೂ ಊಹಿಸಿದರು. ಅನಂತರ ಕೈಯಿಂದ ಕುತ್ತಿಗೆಯವರೆಗೆ ನೀರು ತುಂಬಿದ ಗುಳ್ಳೆಗಳೆದ್ದು, ಕಣ್ಣು ತೆರೆಯಲಾಗದಷ್ಟು ರೆಪ್ಪೆಗಳು ಬಾತುಕೊಂಡವು. ಈ ಅಲರ್ಜಿ ಸಾಮಾನ್ಯವಾಗಿ ಒಂದರಿಂದ ಮೂರು ದಿನ ತಡವಾಗಿ ಕಾಣಿಸಿಕೊಳ್ಳುವುದರಿಂದ ಮರದ ಮೇಲೆ ಸಂಶಯವೇ ಬರುವುದಿಲ್ಲ ಎಂದು ಚರ್ಮರೋಗ ತಜ್ಞರು ವಿವರಿಸಿದರು.

ಸಂಶಯ ಬಾರದ ಕಾರಣ ಒಣಗಿದ ಗೆಲ್ಲುಗಳು ಬಚ್ಚಲ ಒಲೆ ಸೇರಿದವು. ಒಲೆಯ ಮುಂದೆ ಕುಳಿತಿದ್ದ ಅಮ್ಮನ ಮುಖ ಹೊಗೆಯಿಂದಲೇ ಊದಿಕೊಂಡಿತು. ಮರ ಸವರಿದ ಕತ್ತಿಯ ಹಿಡಿಯಲ್ಲಿ ಒಣಗಿ ಉಳಿದಿದ್ದ ಸೊನೆಯಿಂದ, ಎಷ್ಟೋ ದಿನಗಳ ಬಳಿಕ ತೆಂಗಿನ ಸೋಗೆ ಕಡಿಯಲು ಅದನ್ನು ಹಿಡಿದ ಇನ್ನೊಬ್ಬರ ಅಂಗೈಯಲ್ಲೂ ಗುಳ್ಳೆಗಳೆದ್ದವು. ತಾರೆ ಮರಕ್ಕೆ ಸುತ್ತು ಬಂದರೆ ಗುಣವಾಗುತ್ತದೆ ಎಂದು ನೆರೆಯ ಹಿರಿಯರೊಬ್ಬರು ಹೇಳಿದರು. ಸುತ್ತು ಬರುವುದಕ್ಕೆ ನನ್ನ ಆಕ್ಷೇಪವಿಲ್ಲ, ಆಸ್ಪತ್ರೆಗೆ ಹೋಗಿ ಬಂದ ಮೇಲೆ ಬರಬಹುದು. ನರ್ಸರಿಯವರನ್ನು ವಿಚಾರಿಸಿದಾಗ ಬಂದ ಉತ್ತರ ಇಷ್ಟೇ: “ಊರಿನ ಮರ ಅಲ್ವಾ ಮಾರಾಯ್ರೇ, ಏನಾಗ್ತದೆ?” ನಾಗರಹಾವೂ ಊರಿನದೇ.

ಕೊಳ್ಳುವವರು ಮೊದಲು ಎಲೆಯನ್ನು ನೋಡಬೇಕು. ನಮ್ಮ ಸಾಮಾನ್ಯ ಗೇರಿನ ಎಲೆ ಅಂಗೈಯಷ್ಟು ಉದ್ದ, ಎರಡೂ ಬದಿ ನುಣುಪು. ಕರಿಗೇರಿನ ಎಲೆ ಅದಕ್ಕಿಂತ ಬಹಳ ದೊಡ್ಡದು, ಒರಟು, ಕೆಳಬದಿ ಬೂದು ಬಣ್ಣದ್ದು. ಘಟ್ಟದ ಕಾಡಿನ ಹೊಲಿಗಾರ್ನಾ ಮರಗಳ ಸೊನೆಯೂ ಇಷ್ಟೇ ಕೆಟ್ಟದ್ದು; ಅವುಗಳ ಎಲೆಯ ತೊಟ್ಟಿನ ಮೇಲೆ ಎರಡು ಪುಟ್ಟ ಮುಳ್ಳಿನಂಥ ಚಾಚುಗಳಿರುತ್ತವೆ. ಚೀಟಿಯಲ್ಲಿ ಸಸ್ಯಶಾಸ್ತ್ರೀಯ ಹೆಸರಿಲ್ಲದ ಸಸಿಯನ್ನು ಕೊಳ್ಳಲೇಬೇಡಿ. ಅಲ್ಲದೆ ಕರಿಗೇರಿನಲ್ಲಿ ಗಂಡು, ಹೆಣ್ಣು ಹೂಗಳು ಸಾಮಾನ್ಯವಾಗಿ ಬೇರೆ ಬೇರೆ ಮರಗಳಲ್ಲಿ ಬಿಡುವುದರಿಂದ, ಅಂಗಳದಲ್ಲಿ ಒಂಟಿಯಾಗಿ ನೆಟ್ಟ ಮರ ಕಾಯಿ ಬಿಡದೆಯೂ ಇರಬಹುದು. ಊರಿನದೇ ಆಗಬೇಕೆಂಬ ಹಟ ಇಲ್ಲದವರಿಗೆ, 16ನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಗೇರಿನ ಕಸಿ ಗಿಡಗಳೇ ಲೇಸು. ಗೇರಿನ ಸಂಶೋಧನೆಗೆಂದೇ ಪುತ್ತೂರಿನಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಹಾಗೆಂದು ಗೇರು ಬೀಜದ ಸಿಪ್ಪೆಯ ಎಣ್ಣೆಯೂ ಸುಡುತ್ತದೆ ಎಂಬುದನ್ನು ಮರೆಯಬಾರದು, ಏಕೆಂದರೆ ಮಾವು, ಗೇರು, ಕರಿಗೇರು ಮೂರೂ ಒಂದೇ ಕುಟುಂಬದವು.

ಈಗಾಗಲೇ ನೆಟ್ಟವರು ಮರ ತೆಗೆಸುವಾಗ, ಮಾವಿನ ಸೊನೆಯಾಗಲಿ ಗೇರು ಬೀಜದ ಎಣ್ಣೆಯಾಗಲಿ ಆಗದವರನ್ನು ಆ ಕೆಲಸಕ್ಕೆ ಹಚ್ಚಬಾರದು. ಉಳಿದವರಿಗೂ ವಿಷಯವನ್ನು ಮೊದಲೇ ತಿಳಿಸಿ, ಕೈಗವಸು ಹಾಗೂ ಉದ್ದ ತೋಳಿನ ಅಂಗಿ ಕೊಡಬೇಕು. ಸೊನೆ ತಾಗಿದರೆ ಆ ಕ್ಷಣವೇ ಸಾಬೂನು ಹಚ್ಚಿ ತೊಳೆಯಬೇಕು, ಬಟ್ಟೆಗಳನ್ನು ಬೇರೆಯಾಗಿಯೇ ಒಗೆಯಬೇಕು, ಕತ್ತಿಯ ಹಿಡಿಯನ್ನೂ ಬಿಡದೆ ಉಜ್ಜಬೇಕು. ಕಡಿದದ್ದನ್ನು ಸುಡದೆ ಓಡಾಟವಿಲ್ಲದ ಕಡೆ ಹೂಳಬೇಕು. ಬುಡವನ್ನು ಬೇರುಸಹಿತ ಅಗೆದು ತೆಗೆಯದಿದ್ದರೆ ಮಳೆಗಾಲಕ್ಕೆ ಅದು ಮತ್ತೆ ಚಿಗುರುತ್ತದೆ.